ತೊಟ್ಟಿಲ ಬಟ್ಟೆಗೆ ಗಂಜಿ

ಮುಂದಿನ ಬೆಂಚಿನವನ ಕಾಲರಿನಲ್ಲಿ ಜೋಡಿ ಗೆರೆ, ಒಂದು ನೇರ, ಇನ್ನೊಂದು ಅದರ ಪಕ್ಕದಲ್ಲೇ ಸೊಟ್ಟ, ಮನೆಯಲ್ಲೇ ಉಜ್ಜಿಕೊಂಡಿದ್ದಾನೆ, ತನ್ನ ಕೈಯ ಕೆಲಸವಂತೂ ಅಲ್ಲ, ಕಾಲರಿಗೆ ಯಾವಾಗಲೂ ತುದಿಯಿಂದ ನಡುವಿಗೆ ಬರಬೇಕು, ನಡುವಿನಿಂದ ತುದಿಗೆ ತಳ್ಳಿದರೆ ಬಟ್ಟೆಯಾದರೂ ಎಲ್ಲಿಗೆ ಹೋಗಬೇಕು ಪಾಪ, ತುದಿಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಕೂರುತ್ತದೆ — ಇಸ್ತ್ರಿಪೆಟ್ಟಿಗೆ ಕೈಯಲ್ಲಿದ್ದಿದ್ದರೆ ಅವನನ್ನು ಇಲ್ಲೇ ಬಗ್ಗಿಸಿ ಸರಿಮಾಡಿಬಿಡಬಹುದಿತ್ತು, ಎಂದುಕೊಂಡು ಇಸ್ತ್ರಿಯಕ್ಕ ತನ್ನಷ್ಟಕ್ಕೆ ನಕ್ಕಳು, ನಕ್ಕದ್ದು ತಪ್ಪಾಯಿತೇನೋ ಎಂದು ಬಾಯಿಗೆ ಕೈ ಅಡ್ಡ ಹಿಡಿದಳು, ಚರ್ಚಿನಲ್ಲಿ ನಗಬಹುದೋ ಬಾರದೋ, ಯಾವಾಗ ಏಳಬೇಕೋ ಯಾವಾಗ ಕೂರಬೇಕೋ, ಅವಳಿಗೆ ಒಂದೂ ತಿಳಿಯದು, ಹುಟ್ಟಿದಾರಭ್ಯ ಇವತ್ತೇ ಮೊದಲ ಸಲ ಒಳಗೆ ಕಾಲಿಟ್ಟದ್ದು, ಎಲ್ಲರೂ ಎದ್ದಾಗ ಏಳುವುದು, ಕೂತಾಗ ಕೂರುವುದು, ಅದಕ್ಕೇ ಕೊನೆಯ ಬೆಂಚು, ಅದರಲ್ಲೂ ಬಾಗಿಲ ಕಡೆಯ ಅಂಚು, ಏನಾದರೂ ಎಡವಟ್ಟಾದರೆ ಸದ್ದಿಲ್ಲದೆ ಹೊರಗೆ ಜಾರಿಕೊಳ್ಳಬಹುದು. ಇಲ್ಲಿಂದ ಕಾಣುವುದೆಲ್ಲ ಬೆನ್ನುಗಳೇ, ಅದೂ ಒಳ್ಳೆಯದೇ, ಮುಖಗಳಿಗಿಂತ ಬೆನ್ನುಗಳ ಪರಿಚಯವೇ ಅವಳಿಗೆ ಹೆಚ್ಚು, ಅಗೋ ಆ ಬೂದು ಕೋಟು ಬ್ಯಾಂಕಿನ ಮ್ಯಾನೇಜರದ್ದು, ಒಳಜೇಬಿನಲ್ಲಿ ಸದಾ ಕರಗಿದ ಚಾಕಲೇಟು, ಸಕ್ಕರೆ ಕಾಯಿಲೆಯಿದ್ದೂ ಹೆಂಡತಿಗೆ ಗೊತ್ತಿಲ್ಲದ ಕಳ್ಳತನ, ಆ ಹೂವಿನ ಲಂಗ ಶಾಲೆಯ ಟೀಚರದ್ದು, ಎರಡೂ ಮಗ್ಗುಲು ಬಿಚ್ಚಿ ಅಗಲ ಮಾಡಿಸಿದ್ದು, ಇದನ್ನೆಲ್ಲ ಯಾರಿಗೂ ಹೇಳುವ ಹಾಗಿಲ್ಲ, ಡಾಕ್ಟರಿಗೂ ಇಸ್ತ್ರಿಯವರಿಗೂ ಬಾಯಿ ಇರಬಾರದು ಕಣೇ ಅನ್ನುತ್ತಿದ್ದ ಗಂಡ, ಅವನಿಗಂತೂ ಇದ್ದದ್ದು ಬರೀ ಬಾಯೇ, ಊರಿನ ಗುಟ್ಟೆಲ್ಲ ಅದರಲ್ಲೇ ಹೋಗುತ್ತಿತ್ತು, ಪುಣ್ಯಾತ್ಮ, ಇದ್ದಿದ್ದರೆ ಈಗ ಪಕ್ಕದಲ್ಲಿ ಕೂತು ಪಾದ್ರಿಯವರ ನಿಲುವಂಗಿಗೆ ಎಷ್ಟು ಮೊಳ ಬಟ್ಟೆ ಹಿಡಿದಿರಬಹುದು ಅಂತ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ. ಪಕ್ಕದಲ್ಲಿ ಈಗ ಇರುವವರು ನಿವೃತ್ತ ಬಸ್ ಡ್ರೈವರು, ಕಂದು ಪ್ಯಾಂಟು, ವಾರಕ್ಕೊಮ್ಮೆ ಬರುತ್ತದೆ, ಕೂತು ಕೂತು ಹಿಂಭಾಗ ಕನ್ನಡಿಯಾಗಿದೆ. ಕಿಟಕಿಯ ಬಣ್ಣದ ಗಾಜಿನಿಂದ ಬಿಸಿಲು ಇಳಿದು ಅವರ ಮಂಡಿಯ ಮೇಲೆ ಕೆಂಪಾಗಿ ಬಿದ್ದಿತ್ತು.

ಬರಲೇಬೇಕು ಅಕ್ಕಾ, ನೀವು ಬರದಿದ್ರೆ ನಾನು ಮಾತಾಡಲ್ಲ ನೋಡಿ — ಮೇಲ್ಮನೆ ಹುಡುಗಿ ಹಾಗೆ ಹೇಳುವಾಗ ಅಂಗಡಿಯ ಕಟ್ಟೆಯ ಮೇಲೆ ಎರಡೂ ಕೈ ಊರಿ ನಿಂತಿದ್ದಳು, ಸ್ಟೇಷನ್ನಿನಲ್ಲಿ ಟಿಕೆಟು ಕೊಡುವ ಹುಡುಗಿ, ಗಾಜಿನ ತೂತಿನಲ್ಲಿ ಮಾತಾಡಿ ಮಾತಾಡಿ ಗಂಟಲು ದೊಡ್ಡದು, ಅಂಗಡಿಯ ಮೇಲಿನ ಮನೆ ಅವಳದ್ದೂ ಬೇಕರಿಯ ಗಂಡನದ್ದೂ, ಈಗ ಮೂರನೆಯವನೂ ಸೇರಿದ್ದಾನೆ, ಅವನನ್ನು ಇಸ್ತ್ರಿಯಕ್ಕ ಕಂಡದ್ದಕ್ಕಿಂತ ಕೇಳಿದ್ದೇ ಜಾಸ್ತಿ, ಛಾವಣಿಯ ಆ ಕಡೆ ಅವನು, ಈ ಕಡೆ ಇವಳು, ಅವನು ಹಸಿವಿಗೆ ಅಳುವ ರಾಗ ಬೇರೆ, ನಿದ್ದೆಗೆ ಅಳುವ ರಾಗ ಬೇರೆ, ಸುಮ್ಮನೆ ದರಬಾರು ನಡೆಸಲು ಅಳುವ ರಾಗ ಇನ್ನೂ ಬೇರೆ, ಅದಕ್ಕೇ ಅವಳು ಅವನಿಗೆ ಮೇಲಿನ ಮಹಾರಾಯ ಎಂದು ಹೆಸರಿಟ್ಟದ್ದು, ಏಳಪ್ಪಾ ಮಹಾರಾಯ, ಉಂಡೆಯಾ ಮಹಾರಾಯ, ಪೆಟ್ಟಿಗೆ ಉಜ್ಜುತ್ತಾ ಛಾವಣಿಯ ಜೊತೆ ಮಾತು, ದಾರಿಯಲ್ಲಿ ಹೋಗುವವರು ಕೇಳಿದರೆ ಇವಳಿಗೆ ಗರ ಬಡಿದಿದೆ ಅನ್ನಬೇಕು. ಆವತ್ತು ಹುಡುಗಿ ಒಂದು ಪೊಟ್ಟಣ ತಂದಿದ್ದಳು, ಅಕ್ಕಾ, ನಮ್ಮತ್ತೆ ಹೊರಗೆ ಕೊಡ್ಬೇಡ ಅಂದಿದ್ದಾರೆ, ನಾನು ಕದ್ದು ತಂದಿದ್ದೀನಿ, ಕಲೆ ಹೋಗುತ್ತಾ ನೋಡಿ. ಒಳಗೆ ಉದ್ದನೆಯ ಬಿಳಿ ಅಂಗಿ, ಬಿಳಿ ಅನ್ನುವುದು ಮರ್ಯಾದೆಗೆ, ಹಳದಿ ಹಿಡಿದು ಚಹಾದ ಬಣ್ಣಕ್ಕೆ ಬಂದಿತ್ತು, ಅತ್ತೆಯ ತಾಯಿ ಹೊಲಿದದ್ದಂತೆ, ಮನೆಯ ಮಕ್ಕಳೆಲ್ಲ ದೀಕ್ಷಾಸ್ನಾನಕ್ಕೆ ಇದನ್ನೇ ತೊಟ್ಟದ್ದಂತೆ, ಬೇಕರಿಯವನೂ ತೊಟ್ಟಿದ್ದನಂತೆ, ಆ ದಢೂತಿ ಒಂದು ಕಾಲದಲ್ಲಿ ಇದರೊಳಗೆ ಹಿಡಿಸಿದ್ದ ಎಂದರೆ ನಂಬುವುದು ಹೇಗೆ — ಮಗುವಿನ ಉದ್ದ ಒಂದು ಮೊಳವಾದರೆ ಅಂಗಿಯ ಉದ್ದ ಎರಡು ಮೊಳ, ಎದೆಯ ಮೇಲೆ ಕೂದಲೆಳೆಯಂಥ ನಿರಿಗೆ, ಕತ್ತಿಗೆ ಲೇಸಿನ ಪಟ್ಟಿ, ಅವಳು ಅದನ್ನು ಬೆಳಕಿಗೆ ಹಿಡಿದಳು. ಇಷ್ಟು ವರ್ಷದ ಅಂಗಡಿಯಲ್ಲಿ ಒಂದು ತೊಟ್ಟಿಲ ಬಟ್ಟೆ ಅವಳ ಕಟ್ಟೆ ಹತ್ತಿದ್ದಿಲ್ಲ, ಊರಿನವರ ಮದುವೆಯ ಬಟ್ಟೆ ಬಂದಿದೆ, ಸತ್ತವರಿಗೆ ತೊಡಿಸುವ ಬಟ್ಟೆ ಬಂದಿದೆ, ಹಸುಗೂಸಿನ ಬಟ್ಟೆಯನ್ನು ಮಾತ್ರ ಯಾವ ತಾಯಿಯೂ ಹೊರಗೆ ಕೊಡುವುದಿಲ್ಲ, ತಾನೇ ಒಗೆಯುತ್ತಾಳೆ, ತಾನೇ ಮಡಿಸುತ್ತಾಳೆ, ಮೂಸಿ ನೋಡಿ ಎತ್ತಿಡುತ್ತಾಳೆ.

ಮಾಡಿದಳಲ್ಲ, ಮನಸ್ಸಿಟ್ಟು ಮಾಡಿದಳಲ್ಲ, ನೆನೆಹಾಕಿ, ಸೋಪು ತಾಗಿಸದೆ ಸೋಪಿನ ನೊರೆಯನ್ನಷ್ಟೇ ತಾಗಿಸಿ, ಬಿಸಿಲಿಗೆ ಹರಡಿ, ಒಣಗಿದ ಹಾಗೆ ಮತ್ತೆ ನೀರು ಚಿಮುಕಿಸಿ, ಮತ್ತೆ ಹರಡಿ, ಹಳದಿ ಇಷ್ಟಿಷ್ಟೇ ಸೋತು ಹಿಂದೆ ಸರಿಯಿತು, ಕೊನೆಗೊಂದು ಹನಿ ನೀಲಿ, ಆಮೇಲೆ ಅಂಗಿ ನಿಜವಾಗಿ ಬಿಳಿ, ಕಣ್ಣಿಗೆ ಚುಚ್ಚುವ ಬಿಳಿ — ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಪಕ್ಕದಲ್ಲೇ ಹೋಟೆಲಿನ ಮೇಜುಹಾಸುಗಳಿಗೆ ಕಲಸಿಟ್ಟ ಗಂಜಿಯ ಬಕೆಟ್ಟು, ಅವಳ ಕಣ್ಣು ಅದರ ಮೇಲೆ ಹೋಯಿತು, ದೊಡ್ಡ ದಿನದ ಬಟ್ಟೆಗೆ ಗಂಜಿ ಇಲ್ಲದಿದ್ದರೆ ಅದೇನು ಚೆನ್ನ, ಮೇಯರಿನ ಅಂಗಿಗೆ ಗಂಜಿ ಬೇಕು, ಮದುಮಗನ ಅಂಗಿಗೆ ಗಂಜಿ ಬೇಕು, ಮಹಾರಾಯನ ಅಂಗಿ ಮಾತ್ರ ಜೋಲುಮೋರೆ ಹಾಕಿಕೊಂಡು ಹೋಗಬೇಕಾ ಚರ್ಚಿಗೆ, ಎಂದುಕೊಂಡು ಒಂದು ಸಲ ಅದ್ದಿದಳು, ಹಿಂಡಿದಳು, ಸಾಲದೆನಿಸಿತು, ಪ್ರೀತಿ ಜಾಸ್ತಿಯಾಗಿ ಇನ್ನೊಂದು ಸಲ ಅದ್ದಿದಳು. ಅರೆ ಒದ್ದೆಯಲ್ಲೇ ಸಣ್ಣ ಪೆಟ್ಟಿಗೆಯ ಮೂತಿಯಿಂದ ಒಂದೊಂದು ನಿರಿಗೆ, ಮೇಲೆ ಮಹಾರಾಯ ಕೇಕೆ ಹಾಕುತ್ತಿದ್ದ, ಕೆಳಗೆ ಇವಳು ಉಸಿರು ಬಿಗಿಹಿಡಿದು ಲೇಸಿನ ತುದಿ ತೀಡುತ್ತಿದ್ದಳು, ಮುಗಿದಾಗ ಅಂಗಿಯನ್ನು ಮೇಜಿನ ಮೇಲಿಟ್ಟರೆ ಒಳಗೆ ಯಾರೂ ಇಲ್ಲದೆ ತಾನೇ ಎದ್ದು ನಿಂತಿತ್ತು. ಅಬ್ಬಾ ಎಂದು ಅವಳೇ ತನ್ನ ಬೆನ್ನು ತಟ್ಟಿಕೊಂಡಿದ್ದಳು, ಗಂಡನ ಫೋಟೋಗೆ ತೋರಿಸಿದ್ದೂ ಆಯಿತು, ಹುಡುಗಿ ಬೆಳಿಗ್ಗೆ ಅವಸರದಲ್ಲಿ ಪೊಟ್ಟಣ ಬಿಚ್ಚದೆಯೇ ಎತ್ತಿಕೊಂಡು ಮೆಟ್ಟಿಲು ಹತ್ತಿದ್ದಳು.

ಈಗ ಹಾಡು ಶುರುವಾಯಿತು, ಎಲ್ಲರೂ ಎದ್ದರು, ಅವಳೂ ಎದ್ದಳು, ಬಾಗಿಲಿನಿಂದ ಮೆರವಣಿಗೆ ಅವಳ ಪಕ್ಕದಲ್ಲೇ ಒಳಗೆ ಹೊರಟಿತು, ಮೊದಲು ಮೇಣದಬತ್ತಿ ಹಿಡಿದವರು, ಆಮೇಲೆ ಪಾದ್ರಿಯವರು, ಆಮೇಲೆ ಬೇಕರಿಯವನು, ಕತ್ತಿಗೆ ಟೈ ಬಿಗಿದು ಮುಖ ಕೆಂಪಾಗಿದೆ, ಆಮೇಲೆ ಹುಡುಗಿ, ಅವಳ ಪಕ್ಕದಲ್ಲಿ ಅತ್ತೆ, ಮಗುವಿನ ಅಜ್ಜಿ, ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು, ಅವರ ತೋಳಿನ ಮೇಲೆ — ಅಯ್ಯಯ್ಯೋ. ಅಂಗಿ ಮಗುವನ್ನು ತೊಟ್ಟುಕೊಂಡಿತ್ತು, ಮಗು ಅಂಗಿಯನ್ನಲ್ಲ. ತೋಳುಗಳು ಎರಡೂ ಕಡೆಗೆ ಸೆಟೆದು ಬೆದರುಬೊಂಬೆಯ ಹಾಗೆ, ಕೆಳಗೆ ಹರಡಿದ ಅಂಗಿಯ ಘೇರು ಬಗ್ಗಲಾರದೆ ಅಜ್ಜಿಯ ಮೊಣಕೈಗೆ ಅಡ್ಡ ಚಾಚಿ, ಲೇಸಿನ ಪಟ್ಟಿ ಮಹಾರಾಯನ ಗಲ್ಲಕ್ಕೆ ಒತ್ತಿ, ಮಹಾರಾಯ ಮುಖವೆಲ್ಲ ಬಾಯಾಗಿ ಅಳುತ್ತಿದ್ದ, ಹಸಿವಿನ ರಾಗವಲ್ಲ, ನಿದ್ದೆಯದ್ದೂ ಅಲ್ಲ, ಛಾವಣಿಯ ಮೂಲಕ ಅವಳು ಎಂದೂ ಕೇಳಿರದ ಹೊಸ ರಾಗ, ಅನ್ಯಾಯ ಅನ್ಯಾಯ ಎಂಬಂಥದ್ದು, ಕತ್ತಿನ ಹತ್ತಿರ ಒಂದು ಕೆಂಪು ಬರೆ. ಹಾಡು ನಿಂತ ಗಳಿಗೆಯಲ್ಲೇ ಅಜ್ಜಿಯ ದನಿ ಎದ್ದಿತು, ಪಿಸುಮಾತು ಅಂದುಕೊಂಡೇ ಆಡಿದ್ದಿರಬೇಕು, ಇಡೀ ಚರ್ಚಿಗೆ ಕೇಳಿಸಿತು, ಯಾರ್ರೀ ಇದಕ್ಕೆ ಗಂಜಿ ಹಾಕಿದ್ದು, ಹಸುಗೂಸಿನ ಬಟ್ಟೆಗೆ ಯಾರಾದ್ರೂ ಗಂಜಿ ಹಾಕ್ತಾರಾ. ಒಂದು ಬೆಂಚಿನಲ್ಲಿ ನಗೆ ಹುಟ್ಟಿ ಹಿಂದಿನದಕ್ಕೆ ದಾಟಿತು, ಡ್ರೈವರು ಭುಜ ಕುಣಿಸಿ ನಕ್ಕರು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇಸ್ತ್ರಿಯಕ್ಕ ತನ್ನ ಕೈ ನೋಡಿಕೊಂಡಳು, ಉಗುರಿನ ಸಂದಿಯಲ್ಲಿ ಇನ್ನೂ ಗಂಜಿಯ ಬಿಳುಪಿತ್ತು.

ಯಾರಾದ್ರೂ ಹಾಕ್ತಾರಾ, ಯಾರೂ ಹಾಕುವುದಿಲ್ಲ, ಎಲ್ಲರಿಗೂ ಗೊತ್ತು, ಈ ಬೆನ್ನುಗಳಿಗೆಲ್ಲ ಗೊತ್ತು, ಬ್ಯಾಂಕಿನ ಬೂದು ಕೋಟಿಗೂ ಗೊತ್ತಿರಬೇಕು, ಒಂದು ಮಗುವನ್ನು ಒಂದು ದಿನ ಎತ್ತಿದವರಿಗೆ ಕೈಯೇ ಹೇಳಿಕೊಡುತ್ತದೆ, ಚರ್ಮ ಎಷ್ಟು ತೆಳು, ಕತ್ತು ಎಷ್ಟು ಮೆದು ಅಂತ, ಅವಳ ಕೈಗೆ ಮಾತ್ರ ಯಾರೂ ಹೇಳಿಕೊಡಲಿಲ್ಲ, ಹೆತ್ತಿದ್ದರೆ ಗೊತ್ತಿರುತ್ತಿತ್ತು, ಈ ಮಾತನ್ನು ಇವತ್ತು ಯಾರೂ ಅಂದಿಲ್ಲ, ಅನ್ನುವುದೂ ಬೇಡ, ಗಂಡನ ಅಕ್ಕಂದಿರು ಒಂದು ಕಾಲದಲ್ಲಿ ಅಂದದ್ದೇ ಸಾಕಷ್ಟು ಉಳಿದಿದೆ, ಅವಳಿಗೇನು ಗೊತ್ತು ಬಿಡು, ಅಂತಿದ್ದರು, ಬಿಡು ಅನ್ನುವ ಆ ಕೊನೆಯ ಮಾತೇ ಚುಚ್ಚುತ್ತಿತ್ತು. ಗಂಡ ಮಾತ್ರ ಅಂದದ್ದಿಲ್ಲ, ನಮಗೆ ಮಕ್ಕಳಿಲ್ಲ ಅಂತ ಯಾರು ಹೇಳಿದ್ದು, ಊರವರ ಪ್ಯಾಂಟು ಶರಟೆಲ್ಲ ನಮ್ಮ ಮಕ್ಕಳೇ, ಸಂಜೆಯಾದರೆ ಎಲ್ಲ ಮನೆ ಬಿಟ್ಟು ಓಡ್ತಾವೆ ಅಷ್ಟೇ, ಎಂದು ಜೋಕು ಹಾರಿಸುತ್ತಿದ್ದ, ಅವನ ನಗುವಿನಲ್ಲಿ ಅವಳೂ ನಕ್ಕು ನಕ್ಕು ಆ ದುಃಖ ಹಾಗೇ ಸವೆದುಹೋಗಿತ್ತು, ಹೋಗಿತ್ತು ಎಂದುಕೊಂಡಿದ್ದಳು, ಮೊದಲನೇ ಸಲ ಒಂದು ತೊಟ್ಟಿಲ ಬಟ್ಟೆ ಕೈಗೆ ಬಂತು, ಬಂದದ್ದನ್ನು ಹಪ್ಪಳ ಮಾಡಿ ಕೊಟ್ಟಳು, ಅತಿಯಾದರೆ ಅಮೃತವೂ ವಿಷ. ಎದುರಿಗೆ ಕಲ್ಲಿನ ಬೋಗುಣಿಯ ಸುತ್ತ ಎಲ್ಲರೂ ನಿಂತರು, ಪಾದ್ರಿಯವರು ತೋಳು ಮಡಿಸಿದರು, ನೀರಿನ ಸದ್ದು ಬಂತು, ಆಗ ಅವಳಿಗೆ ತನ್ನ ತಪ್ಪು ಒಂದು ಗಳಿಗೆ ಮರೆತೇಹೋಯಿತು, ನೀರಿನ ಸದ್ದು ಅವಳಿಗೆ ಗೊತ್ತಿರುವ ಭಾಷೆ, ಇದು ಬೆಚ್ಚಗಿನ ನೀರು, ತಣ್ಣೀರು ಇನ್ನೂ ಗಟ್ಟಿಯಾಗಿ ಬೀಳುತ್ತದೆ, ಒಳ್ಳೆಯವರಪ್ಪಾ ಬಿಸಿ ಮಾಡಿಸಿದ್ದಾರೆ, ಒಂದು ಬೊಗಸೆ, ಮತ್ತೊಂದು, ಮತ್ತೊಂದು, ಮಗುವಿಗಿಟ್ಟ ಅಜ್ಜನ ಉದ್ದ ಹೆಸರನ್ನು ಪಾದ್ರಿಯವರು ಪೂರ್ತಿ ಹೇಳಿದರು, ಮಹಾರಾಯನ ಅಳು ಗಕ್ಕನೆ ನಿಂತಿತು, ಇಡೀ ಚರ್ಚು ಕಿವಿಗೊಟ್ಟಿತು, ಒಂದು ಸೀನು ಬಂತು. ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕರು, ಹುಡುಗಿ ಟವೆಲು ಒತ್ತಿ ತೆಗೆದಾಗ ಸಣ್ಣ ತಲೆ ಒಂದು ಕ್ಷಣ ಬೆಳಕಿಗೆ ಬಂತು, ಕೂದಲು ಎರಡು ಭಾಗವಾಗಿ ಅಂಟಿಕೊಂಡು ನಡುವೆ ಒದ್ದೆ ನೆತ್ತಿ. ನೆತ್ತಿ ಇನ್ನೂ ಕೂಡಿಲ್ಲ ಅಕ್ಕಾ, ನೋಡಿ ಹೇಗೆ ಮಿಡೀತಾ ಇದೆ, ಮುಟ್ಟಿ ಪರವಾಗಿಲ್ಲ, ಎಂದು ಒಮ್ಮೆ ಮೆಟ್ಟಿಲ ಮೇಲೆ ಹುಡುಗಿ ತೋರಿಸಿದ್ದಳು, ಬೇಡಮ್ಮಾ, ನನ್ನದು ಒರಟು ಕೈ, ಎಂದು ಇವಳು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು, ಬಚ್ಚಿಟ್ಟುಕೊಂಡದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸಿತು.

ಇನ್ನೇನು ಮುಗೀತಲ್ಲಾ, ಎಂದು ಡ್ರೈವರಿನ ಕಡೆ ಬಾಗಿ ಕೇಳಿದಳು, ಮುಗಿದರೆ ಮನೆಗೆ ಓಡಬಹುದು, ನಾಳೆ ಹುಡುಗಿ ಬಂದಾಗ ಮುಖ ತೋರಿಸುವುದು ಹೇಗೆ ಎಂಬುದನ್ನು ನಾಳೆ ನೋಡಿಕೊಂಡರಾಯಿತು. ಎಲ್ಲಿ ಮುಗಿಯುತ್ತೆ, ಈಗಲೇ ಮಜಾ ಇರೋದು, ಎಂದರು ಅವರು, ನಮ್ಮ ಚರ್ಚಿನಲ್ಲಿ ಮಗು ಕೈಯಿಂದ ಕೈಗೆ ಹೋಗುತ್ತೆ, ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನ ತನಕ, ಒಬ್ಬರನ್ನೂ ಬಿಡೋ ಹಾಗಿಲ್ಲ, ಎಲ್ಲರೂ ಒಂದ್ಸಲ ಎತ್ಕೋಬೇಕು, ಕೊನೇ ಬೆಂಚಿನ ಕೊನೆಯವರು ಎತ್ಕೊಂಡು ವಾಪಸ್ಸು ಮುಂದೆ ಹೋಗ್ತಾರೆ, ಪಾದ್ರಿಯವರು ಮಗು ಯಾರದು ಅಂತ ಕೇಳ್ತಾರೆ, ನಮ್ಮದು ಅಂತ ಗಟ್ಟಿಯಾಗಿ ಹೇಳ್ಬೇಕು, ಆಮೇಲೇನೇ ತಾಯಿ ಕೈಗೆ ಕೊಡೋದು. ಕೊನೆಯವರು ಅಂದರೆ, ಎಂದು ಕೇಳಿದಳು, ಕೇಳುತ್ತಲೇ ಗೊತ್ತಾಯಿತು, ಬಾಗಿಲ ಕಡೆಯ ಅಂಚು, ಜಾರಿಕೊಳ್ಳಲು ಹುಡುಕಿದ ಜಾಗ. ನೀವು ಈ ಕಡೆ ಬನ್ನಿ ಅಣ್ಣಾ, ನಾನು ನಿಮ್ಮ ಜಾಗಕ್ಕೆ ಬರ್ತೀನಿ. ಅದೆಲ್ಲ ಆಗಲ್ಲಮ್ಮ, ಕೂತಿದ್ದಲ್ಲೇ ಪಾಳಿ, ಬಸ್ಸು ಹೊರಟ ಮೇಲೆ ಸೀಟು ಬದಲಾಯ್ಸೋ ಹಾಗಿಲ್ಲ. ನಾನು ನಿಮ್ಮ ಚರ್ಚಿನವಳಲ್ಲ ಅಣ್ಣಾ. ಮಗು ಕೇಳಲ್ಲ ಅದನ್ನೆಲ್ಲ, ಎಂದರು ಅವರು, ಪೆಪ್ಪರಮಿಂಟು ಕಡಿಯುತ್ತಾ.

ಮಹಾರಾಯ ಹೊರಟಾಯಿತು, ಮೊದಲ ಬೆಂಚು, ಎರಡನೆಯದು, ತಲೆಗಳು ಬಾಗುವುದು ಕಾಣುತ್ತಿದೆ, ತೋಳುಗಳು ತೊಟ್ಟಿಲಾಗಿ ಬಿಚ್ಚುವುದು, ಕೋಟುಗಳ ಬೆನ್ನು ಮೆತ್ತಗಾಗುವುದು, ಬ್ಯಾಂಕಿನ ಬೂದು ಕೋಟು ಮಗುವನ್ನು ಎತ್ತಿಕೊಂಡು ಮುತ್ತಿಡಲೋ ಬೇಡವೋ ಎಂದು ಸುತ್ತ ನೋಡಿ ಕೊನೆಗೆ ಇಟ್ಟೇಬಿಟ್ಟಿತು, ಮಾತುಗಳೂ ಜೊತೆಗೇ ಹರಿದು ಬರುತ್ತಿವೆ, ಅಯ್ಯೋ ಕಂದಾ ಏನಪ್ಪಾ ಇದು ರಟ್ಟಿನ ಅಂಗಿ, ಥೇಟ್ ಅವರಪ್ಪನ ಮೂಗು, ಮೂಗಲ್ಲ ಕಣ್ರೀ ಗಲ್ಲ, ಗರಿಗರಿ ಇದೆಯಲ್ಲ, ಯಾರು ಹಾಕಿದ್ದು ಗಂಜಿ, ಬೇಕರಿಯವರಲ್ವಾ ಮೈದಾ ಇರ್ಬೇಕು, ನಗು, ಮತ್ತೆ ನಗು, ಆ ನಗುವಿನಲ್ಲಿ ವಿಷವಿಲ್ಲ ಎಂದು ಅವಳಿಗೆ ಕೇಳಿಸುತ್ತಿದೆ, ಕೇಳಿಸಿದರೂ ಕಿವಿ ಬಿಸಿಯಾಗುತ್ತಿದೆ, ಒಂದೊಂದು ಬೆಂಚಿಗೂ ತನ್ನ ತಪ್ಪು ತನ್ನ ಹತ್ತಿರಕ್ಕೆ ನಡೆದುಕೊಂಡು ಬರುತ್ತಿದೆ, ಭೂಮಿ ಬಾಯಿ ಬಿಡದಿದ್ದರೆ ಬೇಡ, ಬಾಗಿಲಾದರೂ ಬಿಟ್ಟುಕೊಂಡೇ ಇದೆ. ಹೊರಗೆ ಬೀದಿ, ಬಿಸಿಲು, ಯಾರೋ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದಾರೆ, ಎರಡು ಹೆಜ್ಜೆ ಸಾಕು, ಚೀಲ ಎತ್ತಿಕೊಂಡಳು, ಎದ್ದಳು, ಡ್ರೈವರು ಪೆಪ್ಪರಮಿಂಟು ಕಡಿಯುವುದನ್ನು ನಿಲ್ಲಿಸಿ ನೋಡಿದರು, ಮುಂದೆ ಬೋಗುಣಿಯ ಹತ್ತಿರ ಮಗುವಿಲ್ಲದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ನಿಂತಿದ್ದ ಹುಡುಗಿ ಅಷ್ಟು ದೂರದಿಂದ ಇವಳನ್ನು ಕಂಡಳು, ಟಿಕೆಟಿನ ಕಿಟಕಿಯ ಗಂಟಲು ಈಗ ಮಾತಾಡಲಿಲ್ಲ, ಮುಖವೆಲ್ಲ ಅರಳಿ, ಹಾಂ ಅಲ್ಲೇ ಇದೀರಾ ಎಂಬಂತೆ, ಎರಡೂ ಕೈಯಲ್ಲಿ ಗಾಳಿಯನ್ನೇ ಎತ್ತಿಕೊಂಡು ತೂಗಿ ತೋರಿಸಿದಳು, ಹೀಗೆ, ಹೀಗೆ ಹಿಡ್ಕೊಳ್ಳಿ ಅಂತ. ಹುಡುಗಿಗೆ ಗೊತ್ತು, ಗಂಜಿ ಯಾರದ್ದೆಂದು ಅವಳೊಬ್ಬಳಿಗೆ ಗೊತ್ತು, ಗೊತ್ತಿದ್ದೂ ಅತ್ತೆ ಕೇಳಿದಾಗ ಬಾಯಿ ಬಿಟ್ಟಿಲ್ಲ, ಈಗ ನಗುತ್ತಿದ್ದಾಳೆ, ಈ ಹುಡುಗಿಯ ಮುಖಕ್ಕೆ ಬೆನ್ನು ತೋರಿಸಿ ಎಲ್ಲಿಗೆ ಹೋಗುವುದು, ಯಾವ ಅಂಗಡಿಗೆ ಹೋಗುವುದು, ಅದರ ಮೇಲಿನ ಛಾವಣಿಯೂ ಅವಳದ್ದೇ. ಇಸ್ತ್ರಿಯಕ್ಕ ಚೀಲ ಕೆಳಗಿಟ್ಟು ಕೂತಳು.

ಕೂತು ಕೈ ಒರೆಸಿಕೊಂಡಳು, ಮಡಿಲಿಗೆ ಒರೆಸಿದಳು, ಕರ್ಚೀಫಿಗೆ ಒರೆಸಿದಳು, ಎಷ್ಟು ಒರೆಸಿದರೂ ಇದು ಇದೇ ಕೈ, ಬೆರಳ ತುದಿಯಲ್ಲಿ ಹಳೆಯ ಸುಟ್ಟ ಗಾಯಗಳ ಹೊಳಪು, ಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ತಟ್ಟಿ ತಟ್ಟಿ ನೋಡಿ ಬಿಸಿಯೇ ತಿಳಿಯದಂತಾದ ಅಂಗೈ, ರೇಷ್ಮೆಯ ಮೇಲೆ ಎಳೆದರೆ ಎಳೆ ಸಿಕ್ಕಿಕೊಳ್ಳುತ್ತದೆ, ಮಗುವಿನ ಕೆನ್ನೆಯ ಗತಿಯೇನು, ಮುಂದಿನ ಬೆಂಚಿಗೆ ಬಂದನಲ್ಲ, ಜೋಡಿ ಗೆರೆಯ ಕಾಲರಿನವನು ಎತ್ತಿಕೊಂಡ, ಎಷ್ಟು ಚೆನ್ನಾಗಿ ಎತ್ತಿಕೊಂಡ, ಕಾಲರು ಉಜ್ಜಲು ಬಾರದಿದ್ದರೇನು ಇದು ಬರುತ್ತದೆ ಅವನಿಗೆ, ಮಗು ಬೆಂಚು ದಾಟಿತು, ಡ್ರೈವರಿನ ದೊಡ್ಡ ತೋಳಿಗೆ ಬಂತು, ಏನಯ್ಯಾ ಸ್ವಾಮಿ, ಟಿಕೆಟ್ ತಗೊಂಡ್ಯಾ, ಎಂದು ಅವರು ಕೇಳಿದರು, ತಗೋಮ್ಮಾ, ತಲೆ ಕೆಳಗೆ ಕೈ ಕೊಡು ಮೊದಲು, ಇನ್ನೊಂದು ಕೈ ಕುಂಡೆ ಕೆಳಗೆ, ಹೆದರಬೇಡ, ಬೀಳೋದಾಗಿದ್ರೆ ಇಷ್ಟೊತ್ತಿಗೆ ಬಿದ್ದಿರ್ತಿತ್ತು. ಬಂದ. ಭಾರ ಅಷ್ಟೇನಾ, ಇಷ್ಟು ಗಲಾಟೆಯ ಮಹಾರಾಯ ಒಂದು ಒದ್ದೆ ಮೇಜುಹಾಸಿನಷ್ಟು ತೂಕವೂ ಇಲ್ಲ, ಆದರೆ ಬೆಚ್ಚಗೆ, ಆಗ ತಾನೇ ಇಸ್ತ್ರಿಯಾದ ಬಟ್ಟೆಯ ಬಿಸಿ, ಅವಳಿಗೆ ಗೊತ್ತಿರುವ ಬಿಸಿ, ಬಿಸಿಯೇ ತಿಳಿಯದ ಕೈಗೆ ತಿಳಿಯಿತಲ್ಲ. ಅಂಗಿ ಎಲ್ಲಿ ಹೋಯಿತು, ಗರಿಗರಿಯ ಅಂಗಿ, ಇಷ್ಟು ಜನರ ತೋಳು ದಾಟಿ, ಬೋಗುಣಿಯ ನೀರು ಹೀರಿ, ಒತ್ತಿ ಮುದ್ದಾಡಿಸಿಕೊಂಡು ಹತ್ತಿಯಾಗಿಬಿಟ್ಟಿದೆ, ನಿರಿಗೆಯೆಲ್ಲ ಮಟ್ಟಸ, ಅವಳ ಒಂದು ದಿನದ ಕೆಲಸ ಮಣ್ಣುಪಾಲು, ಇಷ್ಟು ಸಂತೋಷದಿಂದ ಅವಳು ಯಾವತ್ತೂ ಕೆಲಸ ಕಳೆದುಕೊಂಡಿರಲಿಲ್ಲ, ಮಹಾರಾಯನೋ ಅಳುವುದು ಬಿಟ್ಟು ಲೇಸಿನ ಪಟ್ಟಿಯ ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿದ್ದ, ಗಂಜಿ ರುಚಿಯಾಗಿದೆ ಎಂದು ಕಾಣುತ್ತದೆ, ಕಣ್ಣು ಮುಚ್ಚಿ ಚೀಪುತ್ತಿದ್ದ, ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಇವನು ನಾನು ಮಾಡಿದ್ದನ್ನು ಉಣ್ಣುತ್ತಿದ್ದಾನೆ, ಎಂದುಕೊಂಡಳು, ಹೊಟ್ಟೆಯಿಂದ ನಗು ಬಂತು, ನಗುವಿನ ಹಿಂದೆಯೇ ಕಣ್ಣಿಗೆ ನೀರು ಬಂತು, ಗಲ್ಲದ ಕೆಳಗೆ ಅವನ ತಲೆ, ಒದ್ದೆ ನೆತ್ತಿ, ಅಲ್ಲಿ ಏನೋ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು.

ನಡೀರಿ ಈಗ, ಎಂದು ಡ್ರೈವರು ಮೊಣಕೈಯಲ್ಲಿ ತಿವಿದರು. ನಡೆದಳು, ನಡುದಾರಿ ಇಷ್ಟು ಉದ್ದವಿದೆ ಎಂದು ಬರುವಾಗ ಕಂಡಿರಲಿಲ್ಲ, ಎರಡೂ ಕಡೆ ಈಗ ಬೆನ್ನುಗಳಲ್ಲ, ಮುಖಗಳು, ಬೂದು ಕೋಟಿಗೂ ಮುಖವಿದೆ, ಹೂವಿನ ಲಂಗಕ್ಕೂ ಇದೆ, ಅರೆ ಇಸ್ತ್ರಿಯಕ್ಕ ಅಲ್ವಾ ಅದು, ಹೌದು ಕಣೇ, ಇವತ್ತು ಎಷ್ಟು ಚೆನ್ನಾಗಿ ಕಾಣ್ತಾರೆ, ಹೆಜ್ಜೆ ನೋಡಿಕೊಂಡು ಅಕ್ಕಾ, ಒಬ್ಬರು ಕೈಚಾಚಿ ಮಗುವಿನ ಕಾಲು ಮುಟ್ಟಿದರು, ಒಬ್ಬರು ಇವಳ ಭುಜ ಮುಟ್ಟಿದರು, ಇವಳ ಭುಜವನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಯಿತೋ, ಚಿಲ್ಲರೆ ಕೊಡುವಾಗ ಬೆರಳು ತಾಗುವುದೊಂದೇ ಲೆಕ್ಕ. ಕೊನೆಯಲ್ಲಿ ಅಜ್ಜಿ ನಿಂತಿದ್ದಾರೆ, ಕೈ ಕಟ್ಟಿಕೊಂಡು, ಕಡ್ಡಿ ಮುರಿಯಲು ತಯಾರಾಗಿ, ಇಸ್ತ್ರಿಯಕ್ಕ ಹತ್ತಿರ ಹೋದಳು, ಅಜ್ಜಿ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು, ಇವಳ ಉಗುರು ನೋಡಿದರು, ಮುಖ ನೋಡಿದರು. ಗಂಜಿ ಹಾಕಿದ್ದು ನೀನೇನಾ. ಹೂಂ ಅಮ್ಮಾ, ನಾನೇ. ಒಂದ್ಸಲ ಅದ್ದಿದ್ದಾ. ಎರಡ್ಸಲ ಅಮ್ಮಾ. ಎರಡ್ಸಲ, ಅಯ್ಯೋ ನಿನ್ನ, ಎಂದು ಅಜ್ಜಿ ತುಟಿ ಬಿಗಿದರು, ಬಿಗಿದ ತುಟಿ ನಿಲ್ಲಲಿಲ್ಲ, ಒಂದು ಮೂಲೆಯಿಂದ ಬಿಚ್ಚಿಕೊಂಡಿತು. ಮುಂದಿನ ಸಲ ಹಾಕ್ಬೇಡ ಕಣೇ, ಬಿಸಿಲಿಗೆ ಹಾಕು, ನೀಲಿ ಹಾಕು, ಏನಾದ್ರೂ ಮಾಡ್ಕೋ, ಗಂಜಿ ಮಾತ್ರ ಬೇಡ, ಇವನ ಹಿಂದೆ ಒಂದು ತಂಗಿ ಬರಲ್ಲ ಅಂತ ಏನಿದೆ, ಆಗ ಜ್ಞಾಪಕ ಇಟ್ಕೋ. ಮುಂದಿನ ಸಲ — ಬೇಕರಿಯವನು ಕಿವಿಯ ತನಕ ಕೆಂಪಾದ, ಹುಡುಗಿ ಅತ್ತೇ ಎಂದಳು, ಇಸ್ತ್ರಿಯಕ್ಕ ಮಾತ್ರ ಆ ಎರಡು ಮಾತಿನಲ್ಲೇ ನಿಂತುಬಿಟ್ಟಳು, ಮುಂದಿನ ಸಲ, ಅಂದರೆ ಅಂಗಿ ಇನ್ನೊಮ್ಮೆ ಕಟ್ಟೆ ಹತ್ತಿ ಬರುತ್ತದೆ, ಕದ್ದು ಬರುವುದಲ್ಲ, ಹೇಳಿ ಕೇಳಿಯೇ ಬರುತ್ತದೆ, ಅಂದರೆ ಬಿಡು ಅನ್ನಲಿಲ್ಲ, ಅವಳಿಗೇನು ಗೊತ್ತು ಬಿಡು ಅನ್ನಲಿಲ್ಲ, ಹಾಕ್ಬೇಡ ಅಂದರು, ಗೊತ್ತಿಲ್ಲದವಳಿಗೆ ಹೇಳಿಕೊಟ್ಟರು, ಮನೆಯ ಹೆಣ್ಣಿಗೆ ಹೇಳಿಕೊಡುವ ಹಾಗೆ, ಬೈದು.

ಈ ಮಗು ಯಾರದು, ಎಂದರು ಪಾದ್ರಿಯವರು. ಗಟ್ಟಿಯಾದ ದನಿ, ಕಲ್ಲಿನ ಗೋಡೆಗೆಲ್ಲ ತಾಗಿ ಬಂತು, ಬೆಂಚುಗಳೆಲ್ಲ ಕಾಯುತ್ತಿವೆ, ಹೇಳಬೇಕಾದದ್ದು ಒಂದೇ ಮಾತು, ಗೊತ್ತಿರುವ ಮಾತು, ಆದರೆ ಇಷ್ಟು ವರ್ಷದಲ್ಲಿ ಈ ಮಾತನ್ನು ಒಂದು ಮಗುವಿನ ಮುಂದೆ ಆಡಿ ಅಭ್ಯಾಸವಿಲ್ಲ, ಹೇಳಮ್ಮಾ, ಎಂದು ಅಜ್ಜಿ ಮೆಲ್ಲಗೆ ಅಂದರು, ಗಟ್ಟಿಯಾಗಿ ಹೇಳು, ಅವಳು ತಲೆ ಬಗ್ಗಿಸಿ ನೋಡಿದಳು, ಲೇಸು ಚೀಪುತ್ತಾ ಅವನು ಅರೆ ನಿದ್ದೆಯಲ್ಲಿದ್ದಾನೆ, ಅವನ ತಲೆಯ ಕೆಳಗಿದ್ದ ಕೈ ಅದಾಗಿಯೇ ಮೇಲೆ ಸರಿಯಿತು, ಒರಟು ಕೈ, ಬಚ್ಚಿಟ್ಟುಕೊಂಡಿದ್ದ ಕೈ, ಒದ್ದೆ ನೆತ್ತಿಯ ಮೇಲೆ ಹೂವಿನ ಹಾಗೆ ಕೂತಿತು, ನಮ್ಮದು, ಎಂದಳು. ನಮ್ಮದು, ಎಂದಿತು ಚರ್ಚಿಗೆ ಚರ್ಚೇ, ಬೂದು ಕೋಟೂ ಹೂವಿನ ಲಂಗವೂ ಕೊನೆಯ ಬೆಂಚಿನ ಡ್ರೈವರೂ, ಅಷ್ಟು ಜೋರಿಗೆ ಕಿಟಕಿಯ ಗಾಜು ಝುಂ ಎಂದಿತು, ಹುಡುಗಿ ಅಳುತ್ತಾ ನಗುತ್ತಾ ತೋಳು ಚಾಚಿದಳು, ಕೊಡಬೇಕು, ಕೊಡುತ್ತಾಳೆ, ಒಂದು ಗಳಿಗೆ ತಡೆಯಮ್ಮಾ, ಒಂದೇ ಗಳಿಗೆ, ಅಂಗೈಯ ಕೆಳಗೆ ನೆತ್ತಿ, ಏಳುತ್ತಿದೆ, ಇಳಿಯುತ್ತಿದೆ, ಬೆಚ್ಚಗೆ, ಒದ್ದೆ ನೆತ್ತಿ, ಏಳುತ್ತಿದೆ